ಜ್ವರ ಇದ್ದಾಗಲೇ ಬನ್ನಿ

ಭಾನುವಾರ, ಜುಲೈ ೨೧

ಮಾಲೋಗೋ ಚರ್ಚು ಮುಗಿಸಿಕೊಂಡು ನೇರವಾಗಿ ಬೋರ್‌ವೆಲ್ ಲಾರಿ ಹತ್ತಿದ. ಸಿಂಗಿಡಾ ಕಡೆ ಕೆಲಸವಂತೆ. ನೀರು ಬೇಗ ಸಿಕ್ಕರೆ ಬೇಗ ಬರ್ತೀನಿ, ಬಂಡೆ ಸಿಕ್ಕರೆ ದೇವರೇ ಗತಿ ಅಂತ ನಕ್ಕ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಅವನನ್ನು ಲಾರಿ ಹತ್ತಿಸುವುದು ರೂಢಿಯಾಗಿಬಿಟ್ಟಿದೆ.

ಮನೆಯಲ್ಲಿ ಉಳಿದವರು ನಾನು ಮತ್ತು ಅವನ ಮಗಳು. ಸೆಚೆಲೆಲಾ. ಸಂತೋಷಪಡು ಎಂದು ಅರ್ಥ. ಏಳು ವರ್ಷದವಳು ನನ್ನ ಮುಂದೆ ಇನ್ನೂ ಸಂತೋಷಪಟ್ಟದ್ದನ್ನು ನೋಡಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕೊಟ್ಟದ್ದನ್ನು ತಿನ್ನುತ್ತಾಳೆ, ಚಿಕ್ಕಮ್ಮ ಅನ್ನುತ್ತಾಳೆ. ತಪ್ಪು ಹುಡುಕಲು ಏನೂ ಇಲ್ಲ. ಪಕ್ಕದ ಮನೆಯ ಮಗು ಎರಡು ದಿನ ಇರಲು ಬಂದ ಹಾಗೆ ಇರುತ್ತಾಳೆ, ಅಷ್ಟೆ. ಶುಕ್ರವಾರ ಶಾಲೆ ಬಿಟ್ಟಿತೋ ಅಜ್ಜಿಯ ಮನೆಗೆ ಓಟ. ಭಾನುವಾರ ಸಂಜೆಯ ತನಕ ಅಲ್ಲೇ. ಅಜ್ಜಿಯ ಮಣ್ಣಿನ ಮಾಳಿಗೆ ಮನೆಯಲ್ಲಿ, ನೆಲದ ಮೇಲೆ ಚರ್ಮ ಹಾಸಿಕೊಂಡು, ಗೋಡೆಯಾಚೆ ಆಡುಗಳ ಪಕ್ಕದಲ್ಲಿ ಮಲಗುವುದೆಂದರೆ ಅವಳಿಗೆ ಅರಮನೆ.

ಇವತ್ತು ಕರೆತರಲು ಹೋದಾಗ ಅತ್ತೆ ಬಾಗಿಲಲ್ಲೇ ಶುರುಮಾಡಿದರು. "ಬಂದಳು ನೋಡು ಕರಾವಳಿಯ ರಾಣಿ. ನಿಮ್ಮೂರಲ್ಲಿ ತೆಂಗಿನಕಾಯಿ ತಾನಾಗೇ ಬೀಳೋ ತನಕ ಎಲ್ಲರೂ ಮಲಗೇ ಇರ್ತಾರಂತಲ್ಲ?"

"ಹೌದು ಅತ್ತೆ. ನಿಮ್ಮೂರಲ್ಲಿ ಕುಡಿಯೋ ನೀರಿಗೂ ಬಂಡೆ ಕೊರೀಬೇಕು, ಮಲಗೋಕೆ ಪುರಸೊತ್ತೆಲ್ಲಿ?" ಅಂದೆ.

ನಕ್ಕರು. ನಗೆಯಲ್ಲಿ ಎಷ್ಟು ತಮಾಷೆ, ಎಷ್ಟು ನಿಜ, ಇನ್ನೂ ತಿಳಿದಿಲ್ಲ. ತವರೂರು ಮುಹೇಜಾದಲ್ಲಿದ್ದಿದ್ದರೆ ಇದನ್ನೆಲ್ಲ ಅಕ್ಕನ ಹತ್ತಿರ ಹೇಳುತ್ತಿದ್ದೆ. ಇಲ್ಲಿ ಬರೆಯುತ್ತೇನೆ.

ಗುರುವಾರ, ಜುಲೈ ೨೫

ನಿನ್ನೆ ಶಾಲೆಯಿಂದ ಬಂದವಳು ಮಂದಾಜಿ ಬೇಡ ಅಂದಳು. ನನ್ನ ಮೇಲೆ ಎಷ್ಟೇ ಬಿಗುವಿದ್ದರೂ ನಾನು ತೆಂಗಿನಹಾಲಲ್ಲಿ ಹಿಟ್ಟು ಕಲಸಿ ಕರಿಯುವ ಮಂದಾಜಿಯ ಮೇಲೆ ಅವಳಿಗೆ ಬಿಗುವಿಲ್ಲ. ಹಣೆ ಮುಟ್ಟಿದರೆ ಕಾದ ಹಂಚು. ತಲೆ, ಬೆನ್ನು, ಕಾಲು ಎಲ್ಲ ನೋವು.

ಬೆಳಿಗ್ಗೆ ಹಳ್ಳಿಯ ದವಾಖಾನೆಗೆ ಹೊತ್ತುಕೊಂಡು ಹೋದೆ. ನರ್ಸಮ್ಮ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮಲೇರಿಯಾ ಪಟ್ಟಿಯ ಮೇಲೆ ಬಿಟ್ಟರು. ಒಂದೇ ಗೆರೆ. "ಮಲೇರಿಯಾ ಇಲ್ಲ. ಗಾಳಿ ಕಾಲ, ಎಲ್ಲರಿಗೂ ನೆಗಡಿ ಜ್ವರ," ಅಂದು ಜ್ವರದ ಮಾತ್ರೆ ಕೊಟ್ಟರು.

ಮಧ್ಯಾಹ್ನ ಅತ್ತೆ ಬೇವಿನ ಕಷಾಯ ಹಿಡಿದುಕೊಂಡು ಬಂದರು. ಮೊಮ್ಮಗಳು ಒಂದು ಮಾತಾಡದೆ ಕುಡಿದಳು. ನಾನು ಕೊಟ್ಟ ಮಾತ್ರೆಯನ್ನು ಎರಡು ಸಲ ಉಗುಳಿದ್ದಳು. "ಸಿಮೆಂಟು ಮನೇಲಿ ಮಲಗಿಸಿ ಮಲಗಿಸಿ ಇವಳ ರಕ್ತ ತೆಳ್ಳಗಾಗಿದೆ," ಅಂದರು ಅತ್ತೆ, ಗೋಡೆಗೆ ಹೇಳುವ ಹಾಗೆ. ಗೋಡೆಯೂ ಸಿಮೆಂಟಿನದೇ.

ಭಾನುವಾರ, ಜುಲೈ ೨೮

ನಿನ್ನೆ ಬೆಳಿಗ್ಗೆ ಮೈಯೆಲ್ಲ ಬೆವರಿ ಹಾಸಿಗೆ ತೊಯ್ದು ಹೋಯಿತು, ಜ್ವರ ನಿಂತಿತು. ಇವತ್ತು ಎದ್ದು ಆಡು ಅಟ್ಟಿಸಿಕೊಂಡು ಓಡುತ್ತಿದ್ದಾಳೆ. ಬೇವು ಗೆದ್ದಿತು ಅಂತ ಅತ್ತೆ ಚರ್ಚಿನ ಅಂಗಳದಲ್ಲಿ ಸಾರಿದರು. ಗೆಲ್ಲಲಿ, ನನಗೇನು. ಮಗು ಎದ್ದು ಓಡಾಡಿದರೆ ಸಾಕು. ಮಾರಲು ಕರಿದ ಮಂದಾಜಿ ಎಲ್ಲ ಖರ್ಚಾಯಿತು, ಬಿಸಿಲು ಹಿತವಾಗಿತ್ತು, ಸಂಜೆ ಹೊಸಿಲ ಮೇಲೆ ಕೂತು ಬಟ್ಟೆ ಹೊಲಿದೆ.

ಶನಿವಾರ, ಆಗಸ್ಟ್ ೩

ಜ್ವರ ಮತ್ತೆ ಬಂದಿದೆ. ಗುರುವಾರ ಸಂಜೆ ಚೆನ್ನಾಗಿ ಆಡಿಕೊಂಡಿದ್ದವಳು ನಿನ್ನೆ ಎದ್ದಾಗ ಕೆಂಡ.

ದವಾಖಾನೆಗೆ ಹೋದೆವು. ಮತ್ತೆ ಒಂದೇ ಗೆರೆ. ಈ ಸಲ ನರ್ಸಮ್ಮ ನೆಗಡಿ ಅನ್ನಲಿಲ್ಲ. "ಹೋದ ಜ್ವರ ಹೀಗೆ ವಾಪಸ್ ಬಂದ್ರೆ ನಂಗೂ ಸರಿ ಕಾಣಲ್ಲ ತಂಗಿ. ನಮ್ಮತ್ರ ಈ ಪಟ್ಟಿ ಬಿಟ್ರೆ ಬೇರೆ ಏನೂ ಇಲ್ಲ. ಮಿಷನ್ ಆಸ್ಪತ್ರೆಗೆ ಹೋಗಿ. ಅಲ್ಲಿ ರಕ್ತಾನ ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ."

ಅತ್ತೆಗೆ ಹೇಳಿದೆ. "ಹೋದ ಸಲ ಬೇವಿಗೆ ಹೋಗಿತ್ತು, ಈ ಸಲವೂ ಹೋಗುತ್ತೆ. ಜ್ವರದ ಮಗೂನ ಬಸ್ಸಲ್ಲಿ ಕುಲುಕಾಡಿಸ್ತೀಯಾ?" ಮಾಲೋಗೋಗೆ ಫೋನು ಮಾಡಿದೆ. ಹಿಂದೆ ಬಂಡೆ ಕೊರೆಯುವ ರಿಗ್ಗಿನ ಗದ್ದಲ.

"ಅಮ್ಮ ಏನಂತಾಳೆ?"

"ಬೇವು ಅಂತಾರೆ."

"ನೀನು?"

"ಆಸ್ಪತ್ರೆ."

"ಕರ್ಕೊಂಡು ಹೋಗು ಹಿಲ್ಡಾ. ಆದ್ರೆ ಅಮ್ಮನ ಮನಸ್ಸು ನೋಯಿಸಬೇಡ."

"ಎರಡೂ ಒಟ್ಟಿಗೆ ಆಗೋ ದಾರಿ ಇದ್ರೆ ನೀನೇ ಹೇಳು," ಅಂದೆ. ಲೈನು ಕಟ್ಟಾಯಿತು. ಅವನೇ ಕಟ್ ಮಾಡಿದನೋ ಏನೋ.

ನಾಳೆ ಬಸ್ಸಿಲ್ಲ. ಸೋಮವಾರ ಹೋಗಬೇಕು.

ಸೋಮವಾರ, ಆಗಸ್ಟ್ ೫

ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜ್ವರವೇ ಹೊರಟುಹೋಯಿತು. ಬಸ್ಸಿನಲ್ಲಿ ಅರ್ಧ ದಾರಿಗೆ ಸೆಚೆ ಬೆವರಿ ನೀರಾದಳು, ಆಮೇಲೆ ಕಿಟಕಿಯಿಂದ ಸುಟ್ಟ ಜೋಳ ಮಾರುವವಳನ್ನು ನೋಡಿ ಹಸಿವು ಅಂದಳು. ಕೊಡಿಸಿದೆ. ಒಂದು ಸಾಲು ಕಾಳು ಬಿಡಿಸಿ ನನ್ನ ಅಂಗೈಗೆ ಹಾಕಿದಳು, ಕೇಳದೆಯೇ.

ಪ್ರಯೋಗಾಲಯದ ಹೆಂಗಸಿನ ಹೆಸರು ವುಮಿಲಿಯಾ. ದಪ್ಪ ಕನ್ನಡಕ, ನಿಧಾನದ ಮಾತು. "ಮಗು ಯಾರದು?" ಅಂತ ಕೇಳಿದರು. ನನ್ನ ಗಂಡನ ಮಗಳು ಅಂದೆ. ರಕ್ತ ತೆಗೆದುಕೊಂಡು ತುಂಬಾ ಹೊತ್ತು ನೋಡಿ ತಲೆಯಾಡಿಸಿದರು. ಏನೂ ಕಾಣುತ್ತಿಲ್ಲವಂತೆ.

"ಮಲಗೋದು ಎಲ್ಲಿ?"

"ನಮ್ಮನೇಲಿ ಮಂಚದ ಮೇಲೆ. ವಾರದ ಕೊನೆಗೆ ಅಜ್ಜಿ ಮನೇಲಿ. ಮಣ್ಣಿನ ನೆಲ."

"ಪಪಾಸಿ ಇದೆಯಾ ಅಲ್ಲಿ?"

ನನಗೆ ಗೊತ್ತಿರಲಿಲ್ಲ. ಸೆಚೆಯೇ ಹೇಳಿದಳು. "ತುಂಬಾ ಇದೆ. ನೆಲದ ಬಿರುಕಲ್ಲಿ. ನಾನು ಕಡ್ಡಿ ಹಾಕಿ ಎಬ್ಬಿಸ್ತೀನಿ."

ಅದು ಒಂದು ಜಾತಿಯ ಉಣುಗಂತೆ. ದನದ ಉಣುಗಿನ ಹಾಗೆ ಮೈಗೆ ಅಂಟಿಕೊಂಡು ಕೂರುವುದಿಲ್ಲ. ಮಲಗಿದವರನ್ನು ಕಚ್ಚಿ, ಹೊಟ್ಟೆ ತುಂಬಿಸಿಕೊಂಡು, ಅವರು ಏಳುವ ಮೊದಲೇ ಬಿರುಕಿಗೆ ವಾಪಸು. ಅದು ಬಿಟ್ಟ ಕ್ರಿಮಿ ರಕ್ತದಲ್ಲಿ ಜ್ವರದ ಜೊತೆಗೇ ಏಳುತ್ತದೆ, ಜ್ವರದ ಜೊತೆಗೇ ಅಡಗುತ್ತದೆ. ಅಡಗಿದಾಗ ಎಷ್ಟು ನೋಡಿದರೂ ಸಿಗುವುದಿಲ್ಲ.

"ಕಂಡರೆ ಒಂದು ಇಂಜೆಕ್ಷನ್ನಿಗೆ ಹೋಗೋ ಕಾಯಿಲೆ. ಕಾಣದೆ ಔಷಧಿ ಕೊಡೋಕೆ ಡಾಕ್ಟರು ಒಪ್ಪಲ್ಲ, ಬೇರೆ ಏನಾದ್ರೂ ಆಗಿದ್ರೆ? ಜ್ವರ ಇದ್ದಾಗಲೇ ಬನ್ನಿ. ಇಳೀಲಿ ಅಂತ ಕಾಯಬೇಡಿ. ಹೀಗೇ ಬಿಟ್ರೆ ಪ್ರತಿ ಸಲ ಮಗು ಸೋಲ್ತಾ ಹೋಗುತ್ತೆ."

ಮನೆಗೆ ಬಂದಾಗ ಅತ್ತೆ ಅಂಗಳದಲ್ಲೇ ಇದ್ದರು. "ಏನು ಸಿಕ್ಕಿತಂತೆ?" ಏನೂ ಇಲ್ಲ, ಮೈ ಬಿಸಿ ಇದ್ದಾಗಲೇ ಕರ್ಕೊಂಡು ಬರಬೇಕಂತೆ ಅಂದೆ. ಅವರು ಮೊಮ್ಮಗಳ ಕೈ ಹಿಡಿದು ಒಳಗೆ ಕರೆದೊಯ್ದರು. ಬೈದಿದ್ದರೇ ವಾಸಿಯಿತ್ತು.

ಗುರುವಾರ, ಆಗಸ್ಟ್ ೮

ರೈತರ ದಿನದ ರಜೆ. ಅತ್ತೆಯ ಮನೆಯಲ್ಲಿ ಊಟ. ಜೋಳದ ಮುದ್ದೆ, ಮ್ಲೆಂಡ ಸೊಪ್ಪು. ಬಂದ ಹೊಸದರಲ್ಲಿ ಈ ಲೋಳೆ ಸೊಪ್ಪು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಮೀನಿನ ಸಾರು ನೆನಪಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಇವತ್ತು ಹುರಿದ ಕಡಲೆಕಾಯಿ ಪುಡಿ ಹಾಕಿದ್ದರು, ಮತ್ತೆ ಬಡಿಸಿಕೊಂಡೆ.

ಊಟವಾದ ಮೇಲೆ ಪಪಾಸಿಯ ವಿಷಯ ತೆಗೆದೆ. ಅತ್ತೆ ಬಾಯ್ತುಂಬ ನಕ್ಕರು.

"ಲೇ ಹುಚ್ಚಿ, ನಮ್ಮನೆ ಪಪಾಸಿ ನಮ್ಮವರಿಗೆ ಏನೂ ಮಾಡಲ್ಲ. ನಾನು ಮದುವೆಯಾಗಿ ಬರುವಾಗ ನಮ್ಮಮ್ಮ ಸೆರಗಿನ ತುದೀಲಿ ನಾಲ್ಕು ಪಪಾಸಿ ಕಟ್ಟಿ ಕಳಿಸಿದ್ದಳು. ಗಂಡನ ಮನೆ ಉಣುಗು ಬೇರೆ, ತವರಿನ ಉಣುಗು ಬೇರೆ. ತವರಿಂದು ಕಚ್ತಾ ಇರ್ಲಿ, ಮೈಗೆ ರೂಢಿ ತಪ್ಪಬಾರದು, ಜ್ವರ ಬರಬಾರದು ಅಂತ. ನಿಮ್ಮಮ್ಮ ಏನು ಕಟ್ಟಿ ಕಳಿಸಿದಳು?"

"ತೆಂಗಿನಕಾಯಿ," ಅಂದೆ.

ಸೆಚೆ ನಕ್ಕಳು. ನನ್ನ ಮಾತಿಗೆ ನಕ್ಕಳು.

ಅಲ್ಲಿಗೇ ನಿಲ್ಲಿಸಬೇಕಿತ್ತು. "ಅತ್ತೆ, ಹಗಲು ಎಷ್ಟು ಹೊತ್ತಾದ್ರೂ ಬರ್ಲಿ. ಆದ್ರೆ ಇವಳನ್ನ ಇಲ್ಲಿ ಮಲಗಿಸೋದು ಬೇಡ," ಅಂದುಬಿಟ್ಟೆ. ಅತ್ತೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಎದ್ದು ಆಡುಗಳ ಕಡೆ ಹೋದರು. ನಾವು ಹೊರಡುವವರೆಗೂ ಬರಲಿಲ್ಲ.

ಶನಿವಾರ, ಆಗಸ್ಟ್ ೧೦

ನಿನ್ನೆ ಅವಳನ್ನು ಕಳಿಸಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದವಳು ಇವತ್ತೂ ಈ ಕಡೆ ತಿರುಗಿಲ್ಲ. ಮಂದಾಜಿ ಇಟ್ಟ ತಟ್ಟೆ ಇಟ್ಟ ಹಾಗೇ ಇದೆ. ನಾನು ಸರಿಯೋ ತಪ್ಪೋ.

ಬುಧವಾರ, ಆಗಸ್ಟ್ ೧೪

ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಿಸಿಲು ಈಗಷ್ಟೇ ಕಾಲಿಗೆ ಬಂದಿದೆ. ಅತ್ತೆ ಒಳಗೆ ಸೆಚೆಗೆ ಗಂಜಿ ಕುಡಿಸುತ್ತಿದ್ದಾರೆ, ಇಲ್ಲಿಗೂ ಕೇಳಿಸುತ್ತಿದೆ. ಉಪ್ಪು ಕಮ್ಮಿ ಅಂತ ಅವಳು, ತಿಂದರೆ ತಿನ್ನು ಬಿಟ್ಟರೆ ಬಿಡು ಅಂತ ಇವರು.

ನಿನ್ನೆಯದನ್ನು ಬರೆಯಬೇಕು. ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕ ಎಂದಿನಂತೆ ಒಲೆ ಹಚ್ಚಿ ಮಂದಾಜಿ ಕರಿಯುತ್ತಿದ್ದೆ. ಸೆಚೆ ಶಾಲೆಗೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಅವಳು ನನ್ನ ಮೇಲಿನ ಸಿಟ್ಟಿಗೆ ಅರ್ಧ ದಾರಿಯಲ್ಲಿ ತಿರುಗಿ ಅಜ್ಜಿಯ ಮನೆಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಬಾಡಿಗೆ ಬೈಕು ಬಂದು ಒಲೆಯ ಮುಂದೇ ನಿಂತಿತು. ಹಿಂದೆ ಅತ್ತೆ, ನಡುವೆ ಸೆಚೆ, ಇಬ್ಬರನ್ನೂ ಸೇರಿಸಿ ಒಂದೇ ಕಾಂಗಾ ಬಟ್ಟೆಯಲ್ಲಿ ಬಿಗಿದು ಕಟ್ಟಿತ್ತು. ಅತ್ತೆ ಬೈಕು ಹತ್ತಿದ್ದನ್ನು ಈ ಊರಲ್ಲಿ ಯಾರೂ ನೋಡಿರಲಿಲ್ಲ.

"ಬಿಸಿ ಇದ್ದಾಗಲೇ ಬೇಕು ಅಂದಿದ್ಯಲ್ಲ. ಬಿಸಿ ಇದೆ. ಮುಟ್ಟಿ ನೋಡು," ಅಂದರು.

ಮುಟ್ಟಿದೆ. ಒಲೆಗೂ ಅವಳಿಗೂ ವ್ಯತ್ಯಾಸವಿರಲಿಲ್ಲ. ಎಣ್ಣೆ ಕಾಯುತ್ತಿದ್ದ ಹಾಗೇ ಒಲೆಯನ್ನು ಪಕ್ಕದ ಟೊಮೇಟೊ ಮಾರುವವಳ ಕೈಗೆ ಬಿಟ್ಟೆ. ಬಸ್ಸು ಆಗಲೇ ಹೋಗಿತ್ತು. ಆಸ್ಪತ್ರೆಯ ದಾರಿಯಲ್ಲೇ ಡೊಡೊಮಾ ಪೇಟೆಗೆ ದ್ರಾಕ್ಷಿ ಒಯ್ಯುವ ಪಿಕಪ್ ಬಂತು, ಕೈ ಅಡ್ಡ ಹಾಕಿದೆ. ಡ್ರೈವರು ಜಾಗವಿಲ್ಲ ಅನ್ನಲು ಬಾಯಿ ತೆರೆದ, ಅತ್ತೆ ಅಷ್ಟರಲ್ಲಿ ಒಂದು ಕಾಲು ಗಾಡಿಯಲ್ಲಿಟ್ಟಿದ್ದರು. ದ್ರಾಕ್ಷಿ ಕ್ರೇಟುಗಳ ನಡುವೆ ಕೂತೆವು. ಸೆಚೆಯ ತಲೆ ನನ್ನ ತೊಡೆಯ ಮೇಲೆ, ಕಾಲು ಅಜ್ಜಿಯ ತೊಡೆಯ ಮೇಲೆ. ದಾರಿಯುದ್ದಕ್ಕೂ ಜೇನುನೊಣ ಸುತ್ತುತ್ತಿದ್ದವು, ಅತ್ತೆ ಸೆರಗಿನಿಂದ ಓಡಿಸುತ್ತಲೇ ಇದ್ದರು. ಹಳ್ಳ ಬಂದಾಗಲೆಲ್ಲ ನಾನು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಜ್ವರ ಇಳಿಯದಿರಲಿ ಅಂತ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ವುಮಿಲಿಯಾ ನಮ್ಮನ್ನು ನೋಡಿ ಎದ್ದು ನಿಂತರು. ಅಂದು ನೋಡಿದ್ದು ನೆನಪಿರಲಿಲ್ಲವೋ ಏನೋ, "ಯಾರ ಮಗು?" ಅಂದರು.

"ನನ್ನ ಮಗಳು. ಈಗ ಜ್ವರ ಇದೆ, ಬೇಗ ನೋಡಿ," ಅಂದೆ.

ಗಾಜಿಗೆ ರಕ್ತ ಹಚ್ಚಿ, ಒಣಗಿಸಿ, ಬಣ್ಣ ಹಾಕಿ, ಕಣ್ಣಿಟ್ಟು ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. "ಸಿಕ್ಕಿತು," ಅಂದು ಪಕ್ಕಕ್ಕೆ ಸರಿದು ನಮಗೂ ತೋರಿಸಿದರು. ನಾನು ನೋಡಿದೆ. ನೇರಳೆ ಬಣ್ಣದ ಸಣ್ಣ ಸುರುಳಿಗಳು. ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದವರು ಮೇಲೇಳಲೇ ಇಲ್ಲ.

"ಗುಂಗುರು ಕೂದಲು ಕತ್ತರಿಸಿ ಚೆಲ್ಲಿದ ಹಾಗಿದೆ," ಅಂದರು ಕೊನೆಗೆ. ಇನ್ನೂ ಬಗ್ಗಿಯೇ ಇದ್ದರು. "ಇಷ್ಟೇ ಇಷ್ಟಿದೆಯಲ್ಲೇ ಇದು."

ಡಾಕ್ಟರು ಸಣ್ಣ ವಯಸ್ಸಿನವರು. ಅತ್ತೆ ಅವರ ಮುಂದೆಯೂ ಸೆರಗಿನ ಉಣುಗಿನ ಕಥೆ ಬಿಡಲಿಲ್ಲ. ಅವರು ನಗಲಿಲ್ಲ. "ಅಜ್ಜಿ ಹೇಳೋದು ಪೂರ್ತಿ ಸುಳ್ಳಲ್ಲ. ಹುಟ್ಟಿದಾಗಿಂದ ಕಚ್ಚಿಸಿಕೊಂಡವರ ಮೈ ಸ್ವಲ್ಪ ತಡಕೊಳ್ಳುತ್ತೆ. ಮಕ್ಕಳಿಗೆ, ಬಸುರಿಯರಿಗೆ, ಹೊಸಬರಿಗೆ ಆ ಶಕ್ತಿ ಇರಲ್ಲ," ಅಂದರು. ಇಂಜೆಕ್ಷನ್ ಬರೆದರು. ಕೊಟ್ಟ ಮೇಲೆ ಜ್ವರ ಒಮ್ಮೆ ಮೊದಲಿಗಿಂತ ಜೋರಾಗಿ ಏರುತ್ತದೆ, ನಡುಕ ಬರುತ್ತದೆ, ಕ್ರಿಮಿ ಸಾಯುವಾಗ ಹಾಗಾಗುತ್ತದೆ, ಅದಕ್ಕೇ ಇಲ್ಲೇ ಇರಬೇಕು ಅಂತಲೂ ಹೇಳಿದರು. ತಲೆಯಾಡಿಸಿದೆ. ಕೇಳಿಸಿಕೊಳ್ಳುವುದು ಬೇರೆ, ನೋಡುವುದು ಬೇರೆ.

ಮಧ್ಯಾಹ್ನ ಶುರುವಾಯಿತು. ಕಬ್ಬಿಣದ ಮಂಚ ಗಡಗಡ ಅಲ್ಲಾಡಿತು. ಹಲ್ಲು ಕಟಕಟ ಅನ್ನುತ್ತಿತ್ತು, ತುಟಿ ಬಿಳಚಿತು. ಅತ್ತೆ ಎದ್ದು ನಿಂತರು. "ಕೊಲ್ತಿದ್ದಾರೆ ನನ್ನ ಮಗೂನ. ನಡಿ, ಎತ್ಕೋ, ಮನೆಗೆ ಹೋಗೋಣ."

"ಇಲ್ಲ ಅತ್ತೆ."

"ನಿನಗೇನು ಗೊತ್ತು? ನೀನು ಹೆತ್ತವಳಾ?"

"ಅಲ್ಲ. ಆದ್ರೂ ಎತ್ತಲ್ಲ. ಕೂತ್ಕೊಳ್ಳಿ. ಅವಳ ಕಾಲು ಹಿಡ್ಕೊಳ್ಳಿ, ತಣ್ಣಗಿದೆ."

ನನ್ನ ದನಿ ನನ್ನದೇ ಅಲ್ಲವೇನೋ ಅನ್ನಿಸಿತು. ಮಂಚ ಹತ್ತಿ ಸೆಚೆಯನ್ನು ಎದೆಗೆ ಅವುಚಿಕೊಂಡು ಮಲಗಿದೆ. ನನ್ನ ಕಾಂಗಾದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಅತ್ತೆ ನಿಂತೇ ಇದ್ದರು. ಆಮೇಲೆ ಕೂತರು, ಕಾಲು ಹಿಡಿದುಕೊಂಡರು, ಉಜ್ಜಿದರು. ನರ್ಸು ಬಂದು ಬಂದು ನಾಡಿ ನೋಡಿ ಹೋಗುತ್ತಿದ್ದರು. ಬಿಸಿಲು ಕಿಟಕಿಯಿಂದ ಆಚೆ ಹೋಗುವ ಹೊತ್ತಿಗೆ ನಡುಕ ನಿಂತು, ಬೆವರು ಬಂದು, ನಿದ್ದೆ ಹತ್ತಿತು.

ಇವತ್ತು ಬೆಳಿಗ್ಗೆ ಚಹಾ ತಂದುಕೊಟ್ಟಾಗ ಅತ್ತೆ ತಾವಾಗೇ ಮಾತಾಡಿದರು. "ನಿನ್ನೆ ಇವಳ ಮೈ ಮುಟ್ಟಿದೆನಲ್ಲ, ನ್ಯೆಂಡೋ ಕಣ್ಮುಂದೆ ಬಂದಳು." ನ್ಯೆಂಡೋ ಸೆಚೆಯ ತಾಯಿ. ಎರಡನೆಯ ಬಸಿರಲ್ಲಿ ಹೋದಳೆಂದು ಮಾತ್ರ ನನಗೆ ಗೊತ್ತಿತ್ತು. ಇದುವರೆಗೆ ನನ್ನ ಮುಂದೆ ಆ ಹೆಸರನ್ನು ಅವರು ಎತ್ತಿದ್ದಿಲ್ಲ. "ಅವಳಿಗೂ ಹೀಗೇ. ಹೋಗೋದು, ಬರೋದು. ಹೋದಾಗ ಏನು ಚೆನ್ನಾಗಿರ್ತಿದ್ದಳು ಅಂತೀಯ. ಜೋಳ ಕುಟ್ಟೋಳು, ಹಾಡೋಳು. ಬಿಸಿ ಇದ್ದಾಗ ಹೋಗಿ ಅಂತ ಹೇಳೋರು ಆಗ ನಮಗೆ ಯಾರೂ ಇರಲಿಲ್ಲ."

ಅವರಿಗೆ ಸಕ್ಕರೆ ಜಾಸ್ತಿ ಬೇಕು, ಇನ್ನೊಂದು ಚಮಚ ಹಾಕಿ ಕಲಸಿಕೊಟ್ಟೆ. ಕುಡಿದರು.

ಶನಿವಾರ, ಆಗಸ್ಟ್ ೧೭

ಮನೆಗೆ ಬಂದೆವು. ಅತ್ತೆ ಬಡಗಿಗೆ ಹೇಳಿ ಎತ್ತರದ ಕಾಲಿನ ಮಂಚ ಮಾಡಿಸುತ್ತಿದ್ದಾರೆ. ತಮಗಲ್ಲ, ಮೊಮ್ಮಗಳಿಗೆ. "ನನ್ನ ರಕ್ತ ಪಪಾಸಿಗೆ ಹಳೇ ಪರಿಚಯ," ಅನ್ನುತ್ತಾರೆ. ಮಾಲೋಗೋ ಬರುವಾಗ ಸಿಮೆಂಟು ತರಲಿ ಅಂತ ಅವರೇ ಫೋನಿನಲ್ಲಿ ಹೇಳಿದರು. ಅದೂ ನನ್ನ ಫೋನಿನಲ್ಲಿ, ನನ್ನ ದುಡ್ಡಿನಲ್ಲಿ, ಮುಗಿಯುವವರೆಗೂ.

ಇವತ್ತು ಒಂದು ಜಗಳವಾಯಿತು. ತಲೆ ಬಾಚಲು ಕರೆದರೆ ಸೆಚೆ ಬರಲಿಲ್ಲ. ಮತ್ತೆ ಕರೆದೆ. "ನೀವು ಎಳೆದು ಎಳೆದು ಬಾಚ್ತೀರ, ನಿಮಗೆ ಬಾಚೋಕೆ ಬರಲ್ಲ," ಅಂದಳು, ಎದುರಿಗೇ. ಹಿಂದೆಂದೂ ಒಂದು ಮಾತು ಎದುರಾಡಿದವಳಲ್ಲ. ನಾನು ಬಿಡುತ್ತೇನೆಯೇ? ನಿನ್ನ ತಲೆ ಕಾಡುಪೊದೆ, ಅದರಲ್ಲಿ ಕೋಳಿ ಮೊಟ್ಟೆಯಿಟ್ಟರೂ ಗೊತ್ತಾಗಲ್ಲ ಅಂದೆ. ನಿಮ್ಮದು ತೆಂಗಿನ ನಾರು ಅಂದಳು. ಬಾಗಿಲು ದಡಾರಂತ ಹಾಕಿಕೊಂಡಳು. ಆಮೇಲೆ ಬಾಗಿಲು ತೆರೆದು, ಬೆನ್ನು ಹಾಕಿ ಬಂದು ನನ್ನ ಕಾಲುಗಳ ನಡುವೆ ಕೂತಳು. ಬಾಚಿದೆ. ಎಳೆದಾಗಲೆಲ್ಲ ಅಯ್ಯೋ ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. ಇಂಥ ಜಂಬದ ಹುಡುಗಿ ಅಂತ ಗೊತ್ತೇ ಇರಲಿಲ್ಲ. ಬಗ್ಗಿಸಬೇಕು.

ಭಾನುವಾರ, ಸೆಪ್ಟೆಂಬರ್ ೧

ಎಷ್ಟೋ ದಿನದಿಂದ ಬರೆದಿಲ್ಲ. ಮಾಲೋಗೋ ಬಂದಿದ್ದಾನೆ. ಅತ್ತೆಯ ಮನೆಯ ನೆಲ ಅಗೆದು, ಬಿರುಕು ಮುಚ್ಚಿ, ಸಿಮೆಂಟು ಹಾಕಿದ. ಕಾಲಿಗೆ ತಣ್ಣಗೆ ಕೊರೆಯುತ್ತೆ ಅಂತ ಅತ್ತೆ ಬೈಯುತ್ತಾರೆ, ದಿನಕ್ಕೆರಡು ಸಲ ಗುಡಿಸುತ್ತಾರೆ.

ಮಧ್ಯಾಹ್ನ ಅವರ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದಾಗ ಏನೋ ಹೊಳೆದು ಕೈ ನಿಂತಿತು. ಆಸ್ಪತ್ರೆಯಿಂದ ಬಂದ ಮೇಲೆ ಜ್ವರ ಮತ್ತೆ ಬರುವುದಾದರೆ ಹಿಂದಿನ ಹಾಗೆ ವಾರದ ಹೊತ್ತಿಗೇ ಬಂದಿರಬೇಕಿತ್ತು. ಆ ದಿನ ಬಂದು ಹೋಗಿದೆ. ನಾನು ಅವತ್ತು ಏನು ಮಾಡುತ್ತಿದ್ದೆ ಅನ್ನುವುದೂ ನೆನಪಿಲ್ಲ. ಬಟ್ಟೆ ಒಗೆಯುತ್ತಿದ್ದೆನೋ, ಅವಳ ಹಿಂದೆ ಓಡುತ್ತಿದ್ದೆನೋ.

ಅತ್ತೆಗೆ ಹೇಳಿದೆ. ಅವರು ಮೊರ ಕೇರುವುದು ನಿಲ್ಲಿಸಲಿಲ್ಲ.

"ಗೊತ್ತು. ದಿನಾ ಹಣೆ ಮುಟ್ಟಿ ನೋಡ್ತಿದ್ದೆ, ಹೇನು ನೋಡೋ ನೆಪದಲ್ಲಿ."

"ನಂಗೆ ಹೇಳಬಾರದಿತ್ತಾ?"

"ನೀನು ಮರೆತು ಆರಾಮಾಗಿದ್ದೆ. ಎಬ್ಬಿಸಿ ಹೇಳೋಕೆ ನನಗೇನು ತಲೆ ಕೆಟ್ಟಿತ್ತಾ?"

ಅಂಗಳದಲ್ಲಿ ಸೆಚೆ ಅಪ್ಪನ ಜೊತೆ ಏನಕ್ಕೋ ಜೋರಾಗಿ ವಾದ ಹೂಡಿದ್ದಳು. ಏನೆಂದು ಪೂರ್ತಿ ಕೇಳಿಸಲಿಲ್ಲ. ನ್ಯಾಯ ಅವಳ ಕಡೆಯೇ ಇತ್ತು ಅಂತ ಕಾಣುತ್ತದೆ. ಎದ್ದು ಹೋಗಿ ಅವಳ ಪಕ್ಕ ನಿಂತೆ.